ಹೆಬ್ಬೆಟ್ಟು ಒತ್ತುವ ಮುನ್ನ

ಚಳ್ಳಕೆರೆಯ ಎಣ್ಣೆ ಗಿರಣಿಯ ಕಾರ್ಮಿಕನಾಗಲಿ, ಮೊಳಕಾಲ್ಮೂರಿನ ರೇಷ್ಮೆ ನೇಕಾರನಾಗಲಿ, ಸಂತೆಯ ಚಿಲ್ಲರೆ ವ್ಯಾಪಾರಿಯಾಗಲಿ, ಜೀವಮಾನದ ಉಳಿತಾಯದಿಂದ ಕೊಳ್ಳುವುದು ಒಂದೇ ಒಂದು ನಿವೇಶನ. ಅದಕ್ಕೂ ಕ್ರಯಪತ್ರದ ಬದಲು 'ಜಿ.ಪಿ.ಎ.' ಕಾಗದ ಕೈಗಿತ್ತು ಹಣ ಎಣಿಸಿಕೊಳ್ಳುವ ದಲ್ಲಾಳಿಗಳಿದ್ದಾರೆ. ಸಾಲಕ್ಕೆ ಭದ್ರತೆಯೆಂದು ಬಡವನಿಂದ ಅದನ್ನೇ ಬರೆಸಿಕೊಳ್ಳುವ ಸಾಹುಕಾರರೂ ಇದ್ದಾರೆ.

ಅಧಿಕಾರಪತ್ರವೆಂದರೆ ಮಾರಾಟವಲ್ಲ, 'ನನ್ನ ಪರವಾಗಿ ಈ ಕೆಲಸ ಮಾಡು' ಎಂಬ ಒಪ್ಪಿಗೆ ಮಾತ್ರ. ಅದರಲ್ಲಿ ಎರಡು ಬಗೆ. ವಿಶೇಷ ಅಧಿಕಾರಪತ್ರ ಒಂದು ಗೊತ್ತಾದ ಕೆಲಸಕ್ಕೆ: ಒಂದು ದಾವೆ ನಡೆಸಲು, ಒಂದು ಪತ್ರ ನೋಂದಾಯಿಸಲು. ಕೆಲಸ ಮುಗಿದರೆ ಅದೂ ಮುಗಿಯಿತು. ಸಾಮಾನ್ಯ ಅಧಿಕಾರಪತ್ರ, ಅಂದರೆ ಜಿ.ಪಿ.ಎ., ಹಲವು ಕೆಲಸಗಳಿಗೆ: ಬಾಡಿಗೆ ವಸೂಲಿ, ಬ್ಯಾಂಕು, ಕೋರ್ಟು, ಹಾಗೆಂದು ಬರೆದಿದ್ದರೆ ಮಾರಾಟವೂ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಎರಡೂ ಬಿದ್ದುಹೋಗುತ್ತವೆ. ಪಡೆದವನ ಹಿತವೇ ಆ ಆಸ್ತಿಯಲ್ಲಿ ಸೇರಿದ್ದರೆ ಮಾತ್ರ ಕರಾರು ಕಾಯಿದೆಯ 202ನೇ ಕಲಮು ಅಡ್ಡಬರುತ್ತದೆ.

ಜಿ.ಪಿ.ಎ.ಯಿಂದ ಒಡೆತನ ವರ್ಗವಾಗದು, ನೋಂದಾಯಿತ ಕ್ರಯಪತ್ರವೇ ಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ತೀರ್ಪು ದೆಹಲಿಯದು, ಇಲ್ಲಿಯ ಬಡವನಿಗೆ ಅದನ್ನು ಓದಿ ಹೇಳುವವರಾರು?

ನಮ್ಮ ಒತ್ತಾಯವಿಷ್ಟೆ. ಎರಡೂ ತಾಲ್ಲೂಕುಗಳ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದ ಹೊರತು ಹೆಬ್ಬೆಟ್ಟು ಒತ್ತಿಸಕೂಡದು. ಕಾರ್ಮಿಕ ಬಂಧುಗಳೇ, ವಿಶೇಷ ಪತ್ರ ಸಾಕಾಗುವಲ್ಲಿ ಜಿ.ಪಿ.ಎ. ಕೊಡಬೇಡಿ, ಕ್ರಯಪತ್ರವಿಲ್ಲದೆ ಹಣ ಕೊಡಬೇಡಿ. ಅನುಮಾನವಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯಂತೆ ಕಾರ್ಖಾನೆ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಅಲ್ಲಿಯ ನೆರವು ಉಚಿತ. ಅದು ಭಿಕ್ಷೆಯಲ್ಲ, ಹಕ್ಕು.