ತಕ್ಕಡಿಯ ಸತ್ಯ



ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕೆಂಬುದು ನಿಯಮ. ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ತಕ್ಕಡಿಗೆ ಮುದ್ರೆ ಹಾಕುವವರು ಯಾರು? ಸೂರ್ಯನಿಂದ ಭೂಮಿಗೆ ಬರುವ ಶಕ್ತಿಯೆಷ್ಟು, ಮರಳಿ ಹೋಗುವುದೆಷ್ಟು ಎಂಬ ಜಮಾಖರ್ಚನ್ನು ಉಪಗ್ರಹಗಳು ಬರೆಯುತ್ತಿವೆ. ಆ ಉಪಕರಣಗಳನ್ನು ಹಾರಿಸುವುದಕ್ಕಿಂತ ಅವುಗಳ ಮಾಪನಾಂಕ ನಿರ್ಣಯವೇ ಕಠಿಣವಾದ, ಗೌರವಾರ್ಹವಾದ ಕಾರ್ಯವೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ಗಮನಿಸಿ. ಸೌರ ಸ್ಥಿರಾಂಕವು ಚದರ ಮೀಟರಿಗೆ ಸುಮಾರು 1366 ವಾಟ್ ಎಂದು ಬಹುಕಾಲ ನಂಬಲಾಗಿತ್ತು. 2003ರಲ್ಲಿ ನಾಸಾ ಹಾರಿಸಿದ ‘ಸೋರ್ಸ್’ ಉಪಗ್ರಹದ ‘ಟಿಮ್’ ಉಪಕರಣ ಸುಮಾರು 1361 ಎಂದಿತು. ಸೂರ್ಯನೇನೂ ಮಂಕಾಗಿರಲಿಲ್ಲ. ಹಳೆಯ ಉಪಕರಣಗಳಲ್ಲಿ ನಿಖರ ಅಳತೆಯ ಕಿಂಡಿ ಒಳಗಡೆ ಇತ್ತು. ಮುಂದಿದ್ದ ದೊಡ್ಡ ಕಿಂಡಿಯಿಂದ ನುಗ್ಗಿದ ಹೆಚ್ಚುವರಿ ಬೆಳಕು ಚದುರಿ ಎಣಿಕೆಗೆ ಸೇರುತ್ತಿತ್ತು. ಟಿಮ್‌ನಲ್ಲಿ ನಿಖರ ಕಿಂಡಿಯೇ ಮುಂದಿತ್ತು. ಪ್ರಯೋಗಾಲಯದ ಪರೀಕ್ಷೆಗಳ ಬಳಿಕ 2011ರಲ್ಲಿ ಈ ಕಾರಣ ಪ್ರಕಟವಾಯಿತು.

ಐದು ವಾಟ್ ಯಾವ ಮಹಾ ಎನ್ನಬೇಡಿ. ದುಂಡನೆಯ ಭೂಮಿಗೆಲ್ಲ ಹಂಚಲು ನಾಲ್ಕರಿಂದ ಭಾಗಿಸಿ, ಪ್ರತಿಫಲಿಸುವ ಶೇಕಡಾ 30ನ್ನು ಕಳೆಯಿರಿ. ಉಳಿಯುವುದು ಒಂದು ವಾಟಿಗಿಂತ ತುಸು ಕಡಿಮೆ. ಭೂಮಿಯು ಹಿಂದಿರುಗಿಸದೆ ಉಳಿಸಿಕೊಂಡು ಬಿಸಿಯಾಗುತ್ತಿರುವ ಶಕ್ತಿಯೂ ಅದೇ ಗಾತ್ರದ್ದು!

ಹಾಗಾದರೆ ಭೂತಾಪದ ಏರಿಕೆಯೇ ಸುಳ್ಳೇ? ಖಂಡಿತ ಅಲ್ಲ. ತಕ್ಕಡಿ ಪ್ರತಿಬಾರಿಯೂ ಒಂದೇ ಪ್ರಮಾಣದಲ್ಲಿ ತಪ್ಪಿದರೂ ತೂಕ ಹೆಚ್ಚಿತೇ ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ನಾಸಾದ ‘ಸೆರೆಸ್’ ಉಪಕರಣಗಳು ಗೊತ್ತಾದ ಉಷ್ಣತೆಯ ಕೃಷ್ಣಕಾಯಗಳನ್ನೂ ದೀಪವನ್ನೂ ಒಡಲಲ್ಲೇ ಇಟ್ಟುಕೊಂಡು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಅವುಗಳ ಒಟ್ಟು ಮಟ್ಟವನ್ನು ‘ಆರ್ಗೋ’ ತೇಲುಯಂತ್ರಗಳು ಅಳೆದ ಸಾಗರದ ಶಾಖಕ್ಕೆ ಹೊಂದಿಸುತ್ತಾರೆ. ಆದರೆ ವರ್ಷದಿಂದ ವರ್ಷಕ್ಕಾಗುವ ಬದಲಾವಣೆಯನ್ನು ಆಕಾಶವೂ ಸಾಗರವೂ ಪ್ರತ್ಯೇಕವಾಗಿ ನುಡಿಯುತ್ತವೆ. 2005ರಿಂದ 2019ರ ಅವಧಿಯಲ್ಲಿ ಈ ಅಸಮತೋಲನ ಸರಿಸುಮಾರು ಇಮ್ಮಡಿಯಾಯಿತೆಂದು ಎರಡೂ ಸಾಕ್ಷಿಗಳು ಹೇಳಿವೆಯೆಂಬುದನ್ನು 2021ರ ಅಧ್ಯಯನವೊಂದು ತೋರಿಸಿತು.

ಆದ್ದರಿಂದಲೇ ಹಳೆಯ ಉಪಕರಣ ಕಣ್ಮುಚ್ಚುವ ಮೊದಲೇ ಹೊಸದು ಮೇಲಿರಬೇಕು. ಎರಡೂ ಕೆಲಕಾಲ ಒಂದೇ ಭೂಮಿಯನ್ನು ಜತೆಯಾಗಿ ನೋಡಬೇಕು. ನಡುವೆ ಬಿಡುವು ಬಿದ್ದರೆ, ಹೊಸ ಅಂಕಿ ಬದಲಾದದ್ದು ಭೂಮಿಯಿಂದಲೋ ಉಪಕರಣದಿಂದಲೋ ಎಂದು ನಿಶ್ಚಯಿಸುವುದು ಬಲು ಕಷ್ಟ. ಕೈತಪ್ಪಿದ ವರ್ಷಗಳನ್ನು ಮತ್ತೆ ಅಳೆಯಲಾಗದು. ಸರ್ಕಾರಗಳು ಖರ್ಚು ಕಡಿತಗೊಳಿಸುವಾಗ ಮೊದಲು ಕೈಹಾಕುವುದು ಇಂತಹ ಸದ್ದಿಲ್ಲದ ಕೆಲಸಗಳಿಗೇ ಆಗಬಾರದು. ಉಳಿತಾಯವೆಂದು ತೋರುವ ಆ ಹಣ, ಮುಂದಿನ ಪೀಳಿಗೆಯ ಲೆಕ್ಕಪುಸ್ತಕದಿಂದ ನಾವು ಹರಿದ ಹಾಳೆಯಾಗುತ್ತದೆ.