ಹೆಸರು ನಂಬಿ ಕೆಟ್ಟೆ

ಹೊಸ ಸೊಸೆಯಾಗಿದ್ದಾಗ ನಾನೊಂದು ತಪ್ಪು ಮಾಡಿದೆ. ಯಜಮಾನರ ದೊಡ್ಡಪ್ಪ ಯುದ್ಧ ಮುಗಿದಾಗ ಬರ್ಮಾದಿಂದ ತಂದ ಜಪಾನಿ ಕತ್ತಿಯೊಂದು ಅಟ್ಟದ ಮೇಲಿತ್ತು. ಹಿಡಿಯ ಬಿದಿರು ಗೂಟ ಕಿತ್ತರೆ ಒಳಗಿನ ಬುಡವೆಲ್ಲ ಕಪ್ಪು ತುಕ್ಕು, ನಡುವೆ ಮಸುಕು ಅಕ್ಷರ. "ಮಾಡಿದವನ ಹೆಸರು ಅದು. ಓದಿದರೆ ಸಾಕು, ಕಮ್ಮಾರ ಸಿಕ್ಕಿದ ಹಾಗೆಯೇ" ಎಂದರು ಬಲ್ಲವರೊಬ್ಬರು. ಹಿತ್ತಾಳೆ ಬೆಳಗಿ ಪಳಗಿದ ಕೈ ನನ್ನದು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟೆ. ಅಕ್ಷರ ಕಂಡಿತು, ಸಾಕ್ಷಿ ಹೋಯಿತು.

ಆ ತುಕ್ಕೇ ಸಾಕ್ಷಿ. ಹಳೆಯ ಬುಡದ ಮೇಲೆ ಯಾರೋ ಆಮೇಲೆ ಹೆಸರು ಕೊರೆದಿದ್ದರೆ, ಗೀರಿನೊಳಗಿನ ಬಣ್ಣ ಅದನ್ನು ಹೇಳುತ್ತಿತ್ತು. ಈಗ ಹೇಳುವವರಿಲ್ಲ.

"ಹೆಸರು ಓದಿದರೆ ಸಾಕು" ಎನ್ನುವವರ ಮೇಲೆ ನನಗೆ ಅಂದಿನಿಂದ ಸಿಟ್ಟು. ಕಾಮಾಕುರ ಕಾಲದ ಕೊನೆಯಲ್ಲಿದ್ದ ಮಾಸಮುನೆ ಜಪಾನಿನ ಅತ್ಯಂತ ಪ್ರಸಿದ್ಧ ಕತ್ತಿ ಕಮ್ಮಾರ. ಆತ ಹೆಸರು ಹಾಕಿದ ಕೆಲಸ ಬಹಳ ಅಪರೂಪ. ಹಾಗಾದರೆ ಅವನ ಹೆಸರು ಢಾಳಾಗಿ ಕಂಡ ಕೂಡಲೇ ನಂಬಬೇಕೋ, ಅನುಮಾನಿಸಬೇಕೋ? ನೀವೇ ಹೇಳಿ. 17ನೆಯ ಶತಮಾನದ ಕೋತೆತ್ಸುವಿನ ಹೆಸರಲ್ಲಂತೂ ಕಳ್ಳ ರುಜುಗಳು ಲೆಕ್ಕವಿಲ್ಲದಷ್ಟು. ಕಾನೆಸಾದ ಎಂಬ ಹೆಸರು ಒಬ್ಬರದಲ್ಲ. 'ಸಾದ' ಅಕ್ಷರ ಬರೆದ ರೀತಿಯಿಂದ ಯಾವ ಕಾನೆಸಾದ ಎಂದು ಗುರುತಿಸುವುದುಂಟು. ಉದ್ದದ ಕತ್ತಿಯನ್ನು ಬುಡದಿಂದ ಮೊಟಕು ಮಾಡಿದಾಗ ಎಷ್ಟೋ ಒಳ್ಳೆಯ ಕತ್ತಿಗಳ ಹೆಸರೇ ಹೋಯಿತು. ಹೊನಾಮಿ ಮನೆತನದ ಪರೀಕ್ಷಕರು ಅಂಥವನ್ನು ಕೆಲಸ ನೋಡಿಯೇ ಗುರುತಿಸಿ, ಬಂಗಾರದಲ್ಲಿ ಹೆಸರು ಕೂರಿಸಿದರು. ಅದು ಅವರ ಅಭಿಪ್ರಾಯ, ಕಮ್ಮಾರನ ರುಜುವಲ್ಲ.

ಹಾಗೆಂದು ಹೆಸರು ಬೇಡವೆ? ಬೇಕು, ಆದರೆ ವಿಚಾರಣೆ ಅಲ್ಲಿ ಶುರುವಾಗಬೇಕು, ಮುಗಿಯಬಾರದು. ಉಳಿಯ ಏಟನ್ನು ಅಸಲಿ ರುಜುವಿನ ಅಚ್ಚಿನೊಂದಿಗೆ ಹೋಲಿಸಬೇಕು. ಬುಡದ ಆಕಾರ, ಅರದ ಗೆರೆ, ಅಲಗಿನ ಅಂಚಿನ ಬಿಳಿ ಅಲೆ, ಉಕ್ಕಿನ ಪದರ ಎಲ್ಲವೂ ಒಂದೇ ಮಾತು ಹೇಳಬೇಕು. ಯುದ್ಧಕಾಲದ ಕತ್ತಿಯ ಬುಡದಲ್ಲಿ 'ಸೇಕಿ' ಅಥವಾ 'ಶೋವಾ' ಮುದ್ರೆ ಇದ್ದರೆ, ಪಕ್ಕದಲ್ಲಿ ಎಷ್ಟೇ ಚೆಂದದ ಹೆಸರಿರಲಿ, ಅದು ಹಳೆಯ ಪದ್ಧತಿಯಲ್ಲಿ ಆದದ್ದಲ್ಲ.

ಇನ್ನೊಂದು ಮಾತು. ಎದೋ ಕಾಲದಲ್ಲಿ ಕುನಿಶಿಗೆ ಮನೆತನದ ಹೆಂಗಸೊಬ್ಬಳು ಕುಲುಮೆಯ ಮುಂದೆ ನಿಂತಳು. ಜನ ಅವಳನ್ನು 'ಒನ್ನಾ ಕುನಿಶಿಗೆ', ಅಂದರೆ ಹೆಂಗಸು ಕುನಿಶಿಗೆ ಎಂದರು. ಮನೆಯ ಗಂಡಸರು ಮಾತ್ರ ಬರೀ ಕುನಿಶಿಗೆ! ಹೆಸರು ಕೊಡುವುದರಲ್ಲೂ ಜನರಿಗೆ ಪಂಕ್ತಿಭೇದವಿದೆ. ಕಬ್ಬಿಣಕ್ಕಿಲ್ಲ, ಸುತ್ತಿಗೆ ಹಿಡಿದ ಕೈ ಹೇಗಿತ್ತೆಂದಷ್ಟೇ ಅದು ಹೇಳುತ್ತದೆ. ಅದಕ್ಕೇ ನಾನು ಕೆಲಸದ ಕಡೆ.

ನಮ್ಮ ಕತ್ತಿ ಯಾರದೋ, ಇಂದಿಗೂ ತೀರ್ಮಾನವಾಗಿಲ್ಲ. ನಿಮ್ಮ ಅಟ್ಟದಲ್ಲೂ ಇಂಥದೊಂದಿದ್ದರೆ ಬುಡ ಮುಟ್ಟಬೇಡಿ. ಹುಣಸೆಹಣ್ಣು ಸಾರಿಗಿರಲಿ.