ವೆಬ್‌ಸೈಟ್ ಉದ್ಘಾಟನೆ ಮಾಡಿದ್ರಿ, ಅಪ್‌ಡೇಟ್ ಮಾಡೋರು ಯಾರು?

ಕಳೆದ ವಾರ ಶಿವಪುರದ ಸತ್ಯಾಗ್ರಹ ಸೌಧದ ಹತ್ತಿರ ಟೀ ಕುಡಿಯುತ್ತಾ ನಮ್ಮ ಕಡೆಯ ಒಂದು ಸಹಕಾರ ಸಂಘದ ವೆಬ್‌ಸೈಟ್ ತೆರೆದೆ. ಬಂದಿದ್ದು ದೋಷದ ಪುಟ. ಸೈಟ್ ಕಟ್ಟುವವರಿಗಷ್ಟೇ ಕಾಣಬೇಕಾದ ವಿವರಗಳೆಲ್ಲ ಅದರಲ್ಲಿದ್ದವು, ಜೊತೆಗೆ 'ಜ್ಯಾಂಗೋ 2.2' ಅಂತಲೂ ಇತ್ತು. ಆ ಆವೃತ್ತಿಗೆ ಭದ್ರತಾ ಅಪ್‌ಡೇಟ್ ನಿಂತಿದ್ದು 2022ರ ಏಪ್ರಿಲ್‌ನಲ್ಲಿ! ರೈತರ ಆಧಾರ್, ಬ್ಯಾಂಕ್ ಖಾತೆ ನಂಬರ್ ಇರೋದು ಇದೇ ಸೈಟಿನ ಹಿಂದೆ.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. "ಓಪನ್ನಾಯ್ತದಲ್ಲ ಕಣಪ್ಪಾ, ಇನ್ನೇನಾಗ್ಬೇಕು?" ಅಂದರು. ಸೈಟ್ ಮಾಡಿಕೊಟ್ಟವರು, "ಅಪ್‌ಡೇಟ್ ನಮ್ಮ ಕರಾರಿನಲ್ಲಿಲ್ಲ ಸರ್" ಅಂದರು.

ಅಂದಹಾಗೆ, ಜ್ಯಾಂಗೋ ಹುಟ್ಟಿದ್ದು ನಮ್ಮಂಥವರ ಮನೆಯಲ್ಲೇ. ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಎಂಬ ಸಣ್ಣ ಊರಿನ ಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಕಟ್ಟಿದ ಇದು 2005ರಲ್ಲಿ ಎಲ್ಲರಿಗೂ ಉಚಿತವಾಯಿತು. ಯಾರಾದರೂ ಲೋಪ ಕಂಡರೆ ಗುಟ್ಟಾಗಿ ತಿಳಿಸುತ್ತಾರೆ, ತಂಡ ಸರಿಪಡಿಸಿ ತೇಪೆಯನ್ನು ಬಹಿರಂಗವಾಗಿ ಬಿಡುಗಡೆ ಮಾಡುತ್ತದೆ. ಅಪಾಯ ಇರುವುದು ಅಲ್ಲಿಂದಾಚೆಗೆ. ತೇಪೆ ಎಲ್ಲಿ ಹಾಕಿದ್ದಾರೆ ಅಂತ ನೋಡಿದರೆ ತೂತು ಎಲ್ಲಿತ್ತು ಅಂತ ಕಳ್ಳನಿಗೂ ಗೊತ್ತಾಗುತ್ತದೆ. 2014ರ ಅಕ್ಟೋಬರ್ 15ರಂದು ಡ್ರುಪಲ್ ಹೀಗೊಂದು ಲೋಪ ಸರಿಪಡಿಸಿತು. ಏಳು ಗಂಟೆಯೊಳಗೆ ಅಪ್‌ಡೇಟ್ ಮಾಡದ ಸೈಟ್‌ಗಳು ಹ್ಯಾಕ್ ಆಗಿವೆ ಎಂದೇ ತಿಳಿಯಿರಿ ಅಂತ ಆ ತಂಡವೇ ಆಮೇಲೆ ಎಚ್ಚರಿಸಿತು. ಏಳು ಗಂಟೆ! ನಮ್ಮ ಸಂಘ ವರ್ಷಗಟ್ಟಲೆ ಮಲಗಿದೆ.

"ಬಿಟ್ಟಿ ತಂತ್ರಾಂಶ ಅಂದ್ರೆ ಇಷ್ಟೇ, ದುಡ್ಡು ಕೊಟ್ಟು ತಗೋಬೇಕಿತ್ತು" ಅನ್ನುವವರಿದ್ದಾರೆ. ಒಪ್ಪಲ್ಲ. ಕೊಡುವವರು ಕೊಟ್ಟಿದ್ದಾರೆ, ಅದೂ ಪುಕ್ಕಟೆ. ಹಾಕಿಕೊಳ್ಳದವರು ನಾವು. ವಿ.ಸಿ. ನಾಲೆಯ ಹೂಳೆತ್ತದಿದ್ದರೆ ಕೊನೇ ಭಾಗದ ಗದ್ದೆಗೆ ನೀರು ಬರಲ್ಲ ಅಂತ ಮದ್ದೂರು, ಮಳವಳ್ಳಿಯವರಿಗೆ ಹೇಳಿಕೊಡಬೇಕಾ? ಇಲ್ಲೂ ಅಷ್ಟೇ. ಆಗಾಗ ಬರುವ ಸಣ್ಣ ಅಪ್‌ಡೇಟ್ ಸಾಮಾನ್ಯವಾಗಿ ಅರ್ಧ ದಿನದ ಕೆಲಸ. ಬಿಟ್ಟುಬಿಟ್ಟು, 2.2ರಿಂದ ಒಮ್ಮೆಗೇ 5.2ಕ್ಕೆ ಹೋಗಬೇಕೆಂದರೆ ಕೋಡನ್ನೇ ಅಲ್ಲಲ್ಲಿ ತಿದ್ದಬೇಕು, ಆಗ ದುಡ್ಡೂ ಜಾಸ್ತಿ.

ಕರಾರಿನಲ್ಲಿ ಒಂದು ಸಾಲು ಸೇರಿಸಲಿ: ಭದ್ರತಾ ಅಪ್‌ಡೇಟ್ ಬಂದ ಎರಡು ದಿನದೊಳಗೆ ಹಾಕಬೇಕು, ಹಾಕಿದವರ ಹೆಸರು, ತಾರೀಖು ನಡಾವಳಿ ಪುಸ್ತಕಕ್ಕೆ ಬರಬೇಕು. ಇದನ್ನೇ ಅರ್ಜಿ ಬರೆದು ಸಂಘಕ್ಕೆ ಕೊಟ್ಟು, ಸ್ವೀಕೃತಿ ತಗೊಂಡು ಬಂದಿದ್ದೇನೆ. ವಾರ್ಷಿಕ ಸಭೆಯಲ್ಲಿ ಎದ್ದು ಕೇಳುತ್ತೇನೆ.